ಅಪ್ಪನ ಟೋಕನ್ ನಂಬರು

ನಮ್ಮ ಅಪ್ಪನಿಗೆ ಎರಡು ಹೆಸರಿದ್ದವು. ಅಜ್ಜ ಇಟ್ಟದ್ದು ರೇಷನ್ ಕಾರ್ಡಿನಲ್ಲಿತ್ತು, ಅಷ್ಟೆ. ಊರಲ್ಲಿ ಚಲಾವಣೆಯಲ್ಲಿದ್ದದ್ದು ಇನ್ನೊಂದು. ಅದು ಭದ್ರಾವತಿಯಲ್ಲಿ ಅವರು ಕೆಲಸ ಮಾಡುತ್ತಿದ್ದ ಕಾರ್ಖಾನೆ ಕೊಟ್ಟ ನಾಲ್ಕು ಅಂಕಿಯ ಟೋಕನ್ ನಂಬರು. ಗೇಟಿನಲ್ಲಿ ಹಾಜರಿ ಹಾಕುವಾಗ ಅದೇ, ಕ್ಯಾಂಟೀನಿನಲ್ಲಿ ಅದೇ, ಸೊಸೈಟಿಯಿಂದ ಅಕ್ಕಿ ಸಕ್ಕರೆ ತರುವಾಗ ಅದೇ. ನನಗೆ ಜ್ವರ ಬಂದು ಆಸ್ಪತ್ರೆಗೆ ಹೋದರೆ ಚೀಟಿ ಬರೆಯುವವರು ನನ್ನ ಹೆಸರಿಗಿಂತ ಮೊದಲು ಅಪ್ಪನ ನಂಬರು ಕೇಳುತ್ತಿದ್ದರು. ಮಗ್ಗಿ ಬಾಯಿಗೆ ಬರುವ ಮೊದಲೇ ನನಗೆ ಆ ನಂಬರು ಬಂದಿತ್ತು. ಅಪ್ಪ ಅದನ್ನು ತಿಂಡಿ ಡಬ್ಬಿಯ ಮುಚ್ಚಳದ ಮೇಲೆ ಮೊಳೆಯಲ್ಲಿ ಗೀಚಿದ್ದರು. ಸೈಕಲ್ಲಿನ ಹಿಂದಿನ ಮಡ್ಗಾರ್ಡಿನ ಮೇಲೆ ಬಿಳಿ ಪೇಂಟಿನಲ್ಲಿ, ಒಂದೊಂದು ಅಂಕಿ ಹೆಬ್ಬೆರಳಿನಷ್ಟು ದಪ್ಪ ಬರೆಸಿದ್ದರು. ಆ ನಾಲ್ಕು ಅಂಕಿ ಯಾವುವು ಅಂತ ಮಾತ್ರ ನಾನು ಇಲ್ಲಿ ಬರೆಯುವುದಿಲ್ಲ. ಬರೆದರೆ ಒಬ್ಬರಿಗೆ ಮುಖ ತೋರಿಸುವ ಹಾಗಿಲ್ಲ. ಅವರ ವಿಷಯ ಮುಂದೆ ಬರುತ್ತದೆ.

ಎರಡು ಸಾವಿರದ ಇಸವಿ ದಾಟಿ ಆರೇಳು ವರ್ಷವಾಗಿತ್ತು. ಅಪ್ಪ ನಿವೃತ್ತರಾಗಿ ಕ್ವಾರ್ಟರ್ಸ್ ಬಿಟ್ಟು, ನಾವು ಓಲ್ಡ್ ಟೌನಿನಲ್ಲಿ ಬಾಡಿಗೆ ಮನೆ ಹಿಡಿದಿದ್ದೆವು. ಪಿ.ಎಫ್., ಗ್ರಾಚ್ಯುಟಿ ಎಲ್ಲ ಸೇರಿ ಬಂದ ಹಣ ಅಷ್ಟೂ ಬ್ಯಾಂಕಿನ ಒಂದು ಉಳಿತಾಯ ಖಾತೆಯಲ್ಲಿ ಕೂತಿತ್ತು. ಅದರಲ್ಲೇ ಒಂದು ಸೈಟು, ಅದರಲ್ಲೇ ಎರಡು ಕೋಣೆಯ ಮನೆ, ಉಳಿದರೆ ಅಪ್ಪ ಅಮ್ಮನ ಮುಂದಿನ ದಿನಗಳು. ಅದನ್ನು ಎಫ್.ಡಿ. ಮಾಡಿಸಬೇಕು ಅಂತ ಅಮ್ಮ ವಾರಕ್ಕೊಮ್ಮೆ ಹೇಳುತ್ತಿದ್ದಳು. ಮಾಡಿಸಬೇಕಾದವಳು ನಾನು. "ಮುಂದಿನ ವಾರ ಮಾಡಿಸ್ತೀನಿ ಬಿಡೇ" ಅನ್ನುತ್ತಾ ಆರು ತಿಂಗಳು ತಳ್ಳಿದ್ದೆ.

ಬ್ಯಾಂಕಿನವರು ಖಾತೆಯ ಜೊತೆ ಎ.ಟಿ.ಎಂ. ಕಾರ್ಡನ್ನೂ ಕೊಟ್ಟು, "ನೆನಪಿರೋ ಅಂಥ ನಂಬರ್ ಪಿನ್ ಮಾಡ್ಕೊಳ್ಳಿ ಯಜಮಾನ್ರೇ" ಅಂದಿದ್ದರು. ಮೂವತ್ತು ವರ್ಷ ಒಂದೇ ನಂಬರನ್ನು ಮೈಮೇಲೆ ಹೊತ್ತ ಮನುಷ್ಯನಿಗೆ ಇನ್ಯಾವ ನಂಬರು ನೆನಪಿರುತ್ತದೆ? ಅಪ್ಪ ಒಬ್ಬರೇ ಅಲ್ಲ, ಅವರ ಜೊತೆ ನಿವೃತ್ತರಾದ ಎಷ್ಟೋ ಜನ ಪಿನ್ನಿಗೆ ತಮ್ಮ ಟೋಕನ್ ನಂಬರನ್ನೇ ಇಟ್ಟಿದ್ದರು ಅಂತ ಆಮೇಲೆ ಗೊತ್ತಾಯಿತು. ಕಾರ್ಡನ್ನು ಮಾತ್ರ ಅಪ್ಪ ಯಾರ ಕೈಗೂ ಕೊಡುತ್ತಿರಲಿಲ್ಲ. ಹಳೆಯ ಗೇಟ್ ಪಾಸಿನ ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ, ಕೊರಳಿಗೆ ತೂಗಿಕೊಂಡು, ಅಂಗಿಯ ಒಳಗೆ ಬಿಟ್ಟುಕೊಳ್ಳುತ್ತಿದ್ದರು. ಸ್ನಾನಕ್ಕೆ ಹೋಗುವಾಗ ಅಮ್ಮನ ಕೈಯಲ್ಲಿ ಕೊಟ್ಟು, ಮೈ ಒರೆಸಿಕೊಂಡ ತಕ್ಷಣ ವಾಪಸ್ಸು. ಕಾರ್ಡಿಗೆ ಇಷ್ಟು ಕಾವಲು, ನಂಬರು ಸೈಕಲ್ಲಿನ ಮೇಲೆ ಊರಿಗೆಲ್ಲ ಪ್ರದರ್ಶನ! ಇದರಲ್ಲಿ ಏನಾದರೂ ಎಡವಟ್ಟಿದೆ ಅಂತ ನಮಗೆ ಯಾರಿಗೂ ಹೊಳೆಯಲಿಲ್ಲ.

ನಾನಾಗ ನವುಲೆಯಲ್ಲಿ ಕೃಷಿ ಕಾಲೇಜಿನ ಆಫೀಸಿನಲ್ಲಿ ಟೈಪಿಸ್ಟು. ಬೆಳಿಗ್ಗೆ ಭದ್ರಾವತಿಯಿಂದ ಶಿವಮೊಗ್ಗಕ್ಕೆ ಒಂದು ಬಸ್ಸು, ಅಲ್ಲಿಂದ ನವುಲೆಗೆ ಇನ್ನೊಂದು. ಆಫೀಸಿಗೆ ಕಂಪ್ಯೂಟರ್ ಬಂದಾಗ ಮೊದಲು ಕಲಿತವಳು ನಾನೇ, ಆದ್ದರಿಂದ ತಲೆ ಸ್ವಲ್ಪ ತಿರುಗಿತ್ತು. ಇಂಟರ್‌ನೆಟ್ಟಿನ ವಿಷಯದಲ್ಲಿ ನನಗೆ ಯಾರಾದರೂ ಬುದ್ಧಿ ಹೇಳಲು ಬಂದರೆ ಮೂಗಿನ ತುದಿಯಲ್ಲೇ ಸಿಟ್ಟು. ಈಗ ಒಪ್ಪಿಕೊಳ್ಳುತ್ತೇನೆ, ಆಗ ಒಪ್ಪುತ್ತಿರಲಿಲ್ಲ.

ಅಪ್ಪನ ಕಿವಿ ನಿವೃತ್ತಿಗೆ ಮೊದಲೇ ಮಂದವಾಗುತ್ತಾ ಬಂದಿತ್ತು. ನಾವು ಜೋರಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡೆವು, ಅಪ್ಪ ನಮಗಿಂತ ಜೋರಾಗಿ ಮಾತಾಡುವುದನ್ನು ರೂಢಿ ಮಾಡಿಕೊಂಡರು. ನಮ್ಮ ಮನೆಯಲ್ಲಿ ಸಾರಿಗೆ ಉಪ್ಪು ಕಡಿಮೆಯಾದರೆ ಬೀದಿಗೆಲ್ಲ ಸುದ್ದಿ. ಇದನ್ನು ತಮಾಷೆಯಾಗಿಯೇ ತೆಗೆದುಕೊಂಡಿದ್ದೆವು. ಒಂದು ಭಾನುವಾರ ನೆಂಟರ ಜೊತೆ ತ್ಯಾವರೆಕೊಪ್ಪದ ಸಿಂಹಧಾಮಕ್ಕೆ ಹೋದೆವು. ಸಫಾರಿ ವ್ಯಾನಿನ ಪಕ್ಕದಲ್ಲೇ ಮಲಗಿದ್ದ ಸಿಂಹ ಎದ್ದು ನಿಂತು ಗರ್ಜಿಸಿತು. ವ್ಯಾನಿನಲ್ಲಿದ್ದವರೆಲ್ಲ ಕಿರುಚಿ ಒಬ್ಬರ ಮೇಲೊಬ್ಬರು ಬಿದ್ದರು. ಅಪ್ಪ ಇನ್ನೊಂದು ಕಿಟಕಿಯಲ್ಲಿ ಬೇಲಿಯಾಚೆಯ ಜಿಂಕೆ ನೋಡುತ್ತಾ ಕೂತಿದ್ದರು. ನಾವು ಕಿರುಚಿದ್ದನ್ನು ಕಂಡು ತಿರುಗಿ, "ಏನಾಯ್ತು? ಯಾಕೆ ಎಲ್ಲ ಹಿಂಗೆ ಬೀಳ್ತಿದೀರ?" ಅಂದರು. ಎಲ್ಲರೂ ಬಿದ್ದು ಬಿದ್ದು ನಕ್ಕರು. ನಾನೂ ನಕ್ಕೆ. ಬಸ್ಸಿನಲ್ಲಿ ವಾಪಸ್ಸು ಬರುವಾಗ ಅಪ್ಪ ಮೆಲ್ಲಗೆ ಕೇಳುತ್ತಿದ್ದೇನೆ ಅಂದುಕೊಂಡು ಜೋರಾಗಿಯೇ ಕೇಳಿದರು: "ಅದು ಕೂಗಿತಾ? ಹೆಂಗಿತ್ತು?" ನನಗೆ ಅಳು ಬಂತು. ಕಿವಿಗೆ ಮಿಷನ್ ಹಾಕಿಸಿಯೇ ತೀರುತ್ತೇನೆ ಅಂತ ಅವತ್ತೇ ತೀರ್ಮಾನಿಸಿದೆ.

ಶಿವಮೊಗ್ಗದ ದುರ್ಗಿಗುಡಿಯ ಒಂದು ಅಂಗಡಿಯಲ್ಲಿ ವಿಚಾರಿಸಿದೆ. ಒಳ್ಳೆಯ ಮಿಷನ್ನಿಗೆ ಅವರು ಹೇಳಿದ ಬೆಲೆ ಕೇಳಿ ಸುಮ್ಮನೆ ಹೊರಗೆ ಬಂದೆ. ಆಮೇಲೆ ಆಫೀಸಿನಲ್ಲಿ ಊಟದ ಹೊತ್ತಿನಲ್ಲಿ ಇಂಟರ್‌ನೆಟ್ಟಿನಲ್ಲಿ ಹುಡುಕತೊಡಗಿದೆ. ಅಲ್ಲೊಂದು ಕಡೆ ಇಲ್ಲೊಂದು ಕಡೆ ನನ್ನ ಇ-ಮೇಲ್ ವಿಳಾಸ ಕೊಟ್ಟಿರಬೇಕು. ಒಂದು ವಾರದಲ್ಲಿ ಮೇಲ್ ಬಂತು. ವಿದೇಶದ ಮಿಷನ್ನು, ದುರ್ಗಿಗುಡಿಯ ಬೆಲೆಯ ಮೂರನೇ ಒಂದು ಪಾಲಿಗೆ, ಹಳೆಯ ಸ್ಟಾಕು, ಎರಡೇ ಉಳಿದಿವೆ, ಶನಿವಾರ ಸಂಜೆಯೊಳಗೆ ಹಣ ಕಟ್ಟಿದವರಿಗೆ ಮಾತ್ರ. ಕೆಳಗೆ ನೀಲಿ ಅಕ್ಷರದ ಕೊಂಡಿ. ಒತ್ತಿದರೆ ಚೆಂದದ ವೆಬ್‌ಸೈಟು, ಬಿಳಿ ಕೋಟು ಹಾಕಿದ ಡಾಕ್ಟರು, ನಗುವ ಮುದುಕ, ಮುದುಕಿ.

ಮೋಸ ಅಂದರೆ ನಮಗೆ ಗೊತ್ತಿರಲಿಲ್ಲ ಅಂತಲ್ಲ. ನಾನು ಹೈಸ್ಕೂಲಿನಲ್ಲಿದ್ದಾಗ, ತೊಂಬತ್ತರ ದಶಕದಲ್ಲಿ, ಪೇಪರಿನಲ್ಲಿ ಅಂಕಿ ತುಂಬುವ ಒಂದು ಚೌಕ ಬರುತ್ತಿತ್ತು. ಯಾವ ಕಡೆಯಿಂದ ಕೂಡಿದರೂ ಹದಿನೈದು ಬರಬೇಕು. ಅಪ್ಪ ತುಂಬಿ ಕಳಿಸಿದರು. ನಿಮಗೆ ರೇಡಿಯೋ ಬಹುಮಾನ ಬಂದಿದೆ, ಖರ್ಚು ಮಾತ್ರ ಕೊಡಿ ಅಂತ ವಿ.ಪಿ.ಪಿ. ಪಾರ್ಸೆಲ್ ಬಂತು. ಪೋಸ್ಟ್‌ಮ್ಯಾನಿಗೆ ದುಡ್ಡು ಕೊಟ್ಟ ಮೇಲೆಯೇ ಬಿಚ್ಚಬೇಕು. ಬಿಚ್ಚಿದರೆ ಒಳಗೆ ಆಟದ ಪ್ಲಾಸ್ಟಿಕ್ ರೇಡಿಯೋ, ಒಂದಿಷ್ಟು ಹಳೇ ಪೇಪರು. ಅಮ್ಮ ಅದನ್ನು ಎಷ್ಟು ವರ್ಷ ಎತ್ತಿ ಆಡಿದಳೋ ಲೆಕ್ಕವಿಲ್ಲ. ಅಂದಿನಿಂದ ಮೋಸ ಅಂದರೆ ಪೋಸ್ಟಿನಲ್ಲಿ ಬರುವಂಥದ್ದು, ಕಂಪ್ಯೂಟರಿನಲ್ಲಿ ಬರುವುದೆಲ್ಲ ಓದಿದವರ ವ್ಯವಹಾರ ಅಂತ ನನ್ನ ತಲೆಯಲ್ಲಿ ಕೂತಿತ್ತು.

ಆಫೀಸಿನಿಂದ ಹಣ ಕಟ್ಟೋಣ ಅಂದರೆ ಅಪ್ಪ ಕಾರ್ಡು ಕೊಡುವುದಿಲ್ಲ. "ಕಾರ್ಡ್ ಎಲ್ಲಿ ಹೋಗುತ್ತೋ ನಾನೂ ಅಲ್ಲಿಗೆ ಬರ್ತೀನಿ" ಅಂದರು. ಆದ್ದರಿಂದ ಎರಡನೇ ಶನಿವಾರ, ನನಗೆ ರಜೆ ಇದ್ದ ದಿನ, ಅಪ್ಪನನ್ನು ಕರೆದುಕೊಂಡು ನಮ್ಮ ಬೀದಿಯ ಕೊನೆಯಲ್ಲಿದ್ದ ಸೈಬರ್ ಸೆಂಟರಿಗೆ ಹೋದೆ. ಅಪ್ಪ ಸೈಕಲ್ ತಳ್ಳಿಕೊಂಡೇ ಬಂದು ಬಾಗಿಲಲ್ಲಿ ಸ್ಟ್ಯಾಂಡ್ ಹಾಕಿದರು.

ಆ ಸೆಂಟರನ್ನು ನಡೆಸುತ್ತಿದ್ದ ಹೆಂಗಸನ್ನು ಬೀದಿಯವರೆಲ್ಲ ಸೈಬರ್ ಅಕ್ಕ ಅನ್ನುತ್ತಿದ್ದರು. ನಲವತ್ತೈದರ ಆಸುಪಾಸು, ತಮಿಳು ಮನೆಮಾತು. ಗಂಡ ಕಾರ್ಖಾನೆಯಲ್ಲಿದ್ದವರು, ತೀರಿಕೊಂಡಿದ್ದರು. ಮೊದಲು ಎಸ್.ಟಿ.ಡಿ. ಬೂತ್ ಇಟ್ಟು, ಆಮೇಲೆ ನಾಲ್ಕು ಕಂಪ್ಯೂಟರ್ ಹಾಕಿದ್ದರು. ನನಗೆ ಅವರನ್ನು ಕಂಡರೆ ಅಷ್ಟಕ್ಕಷ್ಟೆ. ಒಂದು, ತಮಿಳರು ಮಕ್ಕಳನ್ನು ಮುದ್ದಿಸುವ ಹಾಗೆ ಚಿಕ್ಕವರನ್ನೆಲ್ಲ "ಕಣ್ಣೂ" ಅಂತ ಕರೆಯುತ್ತಿದ್ದರು, ನನ್ನನ್ನೂ ಸೇರಿಸಿ. ಎರಡು, ಗೋಡೆಯ ಮೇಲೆ ರಟ್ಟಿನಲ್ಲಿ ಕೈಯಾರೆ ಬರೆದು ಹಾಕಿದ್ದ ಬೋರ್ಡು: "ಇಲ್ಲಿ ಬ್ಯಾಂಕಿನ ಕೆಲಸ, ಕಾರ್ಡಿನ ಕೆಲಸ ಮಾಡಬೇಡಿ." ಹಣ ತೆಗೆದುಕೊಂಡು ಕಂಪ್ಯೂಟರ್ ಕೊಟ್ಟ ಮೇಲೆ ಏನು ಮಾಡಬೇಕು, ಏನು ಬಿಡಬೇಕು ಅಂತ ಹೇಳಲು ಇವರು ಯಾರು? ಬೋರ್ಡು ಕಾಣದವಳಂತೆ ಮೂಲೆಯ ಕಂಪ್ಯೂಟರಿನ ಮುಂದೆ ಕೂತೆ. ಅಪ್ಪ ಪಕ್ಕದಲ್ಲಿ ಸ್ಟೂಲ್ ಎಳೆದುಕೊಂಡರು.

ಮೇಲ್ ತೆಗೆದು ನೀಲಿ ಕೊಂಡಿ ಒತ್ತಿದೆ. ಹೆಸರು, ವಿಳಾಸ ತುಂಬಿದೆ. ಅಪ್ಪ ಕೊರಳಿನ ಕವರಿನಿಂದ ಕಾರ್ಡು ತೆಗೆದು, ಕೈಗೆ ಕೊಡದೆ, ತಾವೇ ನನ್ನ ಕಣ್ಣಿನ ಮುಂದೆ ಹಿಡಿದರು. ಮುಂದಿನ ನಂಬರು, ಹಿಂದಿನ ಮೂರು ಅಂಕಿ, ಎಲ್ಲ ಹಾಕಿ ನೆಕ್ಸ್ಟ್ ಒತ್ತಿದೆ. ಇನ್ನೊಂದು ಪುಟ ತೆರೆಯಿತು. ಅಲ್ಲಿ ಒಂದೇ ಖಾನೆ: ಎ.ಟಿ.ಎಂ. ಪಿನ್.

ಅಪ್ಪನ ಕಿವಿಯ ಹತ್ತಿರ ಬಾಗಿದೆ. "ಅಪ್ಪಾ, ಪಿನ್ ನಂಬರ್ ಹೇಳಿ."

"ಏನು?"

"ನಂಬರ್! ಎ.ಟಿ.ಎಂ.ಗೆ ಹಾಕೋ ನಂಬರ್!"

"ಅದಾ! ನನ್ನ ಟೋಕನ್ ನಂಬರೇ ಕಣೇ ಮಾರಾಯ್ತಿ! ನಿಂಗೆ ಗೊತ್ತಿಲ್ವಾ?" ಅಂದ ಅಪ್ಪ, ಗೇಟಿನಲ್ಲಿ ಹಾಜರಿ ಕೂಗುವ ದನಿಯಲ್ಲಿ ನಾಲ್ಕೂ ಅಂಕಿಗಳನ್ನು ಬಿಡಿಸಿ ಬಿಡಿಸಿ ಹೇಳಿದರು. ಮುಖದಲ್ಲಿ ಎಂಥ ಹೆಮ್ಮೆ! ಉಳಿದ ಮೂರು ಕಂಪ್ಯೂಟರಿನವರೂ ತಿರುಗಿ ನೋಡಿದರು. ನನಗೆ ನಾಚಿಕೆಯಾಯಿತು. ಬೇಗ ಮುಗಿಸಿ ಎದ್ದು ಹೋಗೋಣ ಅಂತ ಅಂಕಿ ಒತ್ತತೊಡಗಿದೆ. ಒಂದು, ಎರಡು.

ಪರದೆ ಕಪ್ಪಾಯಿತು. ತಲೆಯೆತ್ತಿದರೆ ಸೈಬರ್ ಅಕ್ಕ ಬಗ್ಗಿ ನಿಂತು, ಗೋಡೆಯಿಂದ ಕಿತ್ತ ಪ್ಲಗ್ಗನ್ನು ಕೈಯಲ್ಲಿ ಹಿಡಿದಿದ್ದಾರೆ.

ನನಗೆ ಬಂದ ಸಿಟ್ಟು ಹೇಳತೀರದು. "ಏನ್ರೀ ಇದು? ದುಡ್ಡು ಕೊಟ್ಟು ಕೂತಿರೋದು ನಾವು! ನಿಮ್ಮ ಬೋರ್ಡ್ ನೋಡ್ಕೊಂಡು ಪೂಜೆ ಮಾಡೋಕೆ ಬಂದಿಲ್ಲ!" ಅಂತ ಎಲ್ಲರೆದುರಿಗೇ ಕೂಗಾಡಿದೆ. ಇನ್ನೂ ಏನೇನೋ ಅಂದೆ. ಬರೆಯಲು ಈಗ ನಾಚಿಕೆಯಾಗುತ್ತದೆ.

ಆಕೆ ಪ್ಲಗ್ಗನ್ನು ಕೆಳಗಿಟ್ಟರು. "ಆಮೇಲೆ ಬೈ ಕಣ್ಣೂ. ಮೊದ್ಲು ಹೇಳು, ಪಿನ್ ಪೂರ್ತಿ ಹಾಕಿದ್ಯಾ?"

"ಎರಡೇ ಹಾಕಿದ್ದೆ, ಅಷ್ಟರಲ್ಲಿ ನೀವು..."

"ಕಾರ್ಡ್ ನಂಬರ್?"

"ಅದು ಹಿಂದಿನ ಪೇಜಲ್ಲೇ ಹೋಯ್ತು."

"ಅಯ್ಯೋ ಸಾಮೀ" ಅಂದರು ಆಕೆ. ಆಮೇಲೆ ನನ್ನ ತೋಳು ಹಿಡಿದು ಬಾಗಿಲಿಗೆ ಎಳೆದುಕೊಂಡು ಹೋಗಿ ಸೈಕಲ್ಲಿನ ಮಡ್ಗಾರ್ಡ್ ತೋರಿಸಿದರು. "ಇದೇ ತಾನೇ ಪಿನ್? ದಿನಾ ಈ ಸೈಕಲ್ ನನ್ನ ಅಂಗಡಿ ಮುಂದೆ ಹೋಗುತ್ತೆ. ನಾನು ನೋಡಿದೀನಿ, ಬೀದಿ ನೋಡಿದೆ. ಈಗ ಅಣ್ಣ ಬಾಯ್ಬಿಟ್ಟೂ ಹೇಳಿದ್ರು. ಯಾವ ಅಂಗಡಿಯೋರೂ ಸಾಮಾನು ಮಾರೋಕೆ ಪಿನ್ ಕೇಳಲ್ಲ ಕಣ್ಣೂ. ಅದು ಎ.ಟಿ.ಎಂ. ಮಿಷನ್‌ಗೆ ಮಾತ್ರ. ಕೇಳಿದ್ರು ಅಂದ್ರೆ ಅವರು ಅಂಗಡಿಯೋರೇ ಅಲ್ಲ. ಆ ಅಕೌಂಟಲ್ಲಿ ಎಷ್ಟಿದೆ?"

"ಎಲ್ಲಾ ಅದರಲ್ಲೇ ಇದೆ ಅಕ್ಕಾ" ಅಂದೆ. ಆಕೆಯನ್ನು ನಾನು ಅಕ್ಕಾ ಅಂದದ್ದು ಅದೇ ಮೊದಲು.

ಆಕೆ ಗಡಿಯಾರ ನೋಡಿದರು. ಹನ್ನೆರಡು ದಾಟಿತ್ತು. ಆಗೆಲ್ಲ ಶನಿವಾರ ಬ್ಯಾಂಕು ಮಧ್ಯಾಹ್ನದವರೆಗೆ ಮಾತ್ರ ತೆರೆದಿರುತ್ತಿತ್ತು, ಮಾರನೇ ದಿನ ಭಾನುವಾರ. "ಎಲ್ಲ ಏಳಿ, ಏಳಿ" ಅಂತ ಕೂತಿದ್ದವರನ್ನೆಲ್ಲ ಎಬ್ಬಿಸಿ, ಕೊಡಬೇಕಾದ ದುಡ್ಡೂ ಕೇಳದೆ, ಶಟರ್ ಎಳೆದರು. ವಾರದಲ್ಲಿ ನಾಲ್ಕು ಕಾಸು ನೋಡುವ ಒಂದೇ ದಿನ ಅದು ಆಕೆಗೆ. ನಾವಿಬ್ಬರೂ ಹೆಚ್ಚುಕಮ್ಮಿ ಓಡಿದೆವು. ಅಪ್ಪ ಏನೂ ಅರ್ಥವಾಗದೆ, "ಮಿಷನ್ ಬುಕ್ ಆಯ್ತಾ?" ಅಂತ ಕೇಳುತ್ತಾ ಸೈಕಲ್ ತಳ್ಳಿಕೊಂಡು ಹಿಂದೆ ಬಂದರು.

ಬ್ಯಾಂಕಿನಲ್ಲಿ ಕೌಂಟರ್ ಮುಚ್ಚಿತ್ತು. ಅಲ್ಲಿದ್ದವರು "ಸೋಮವಾರ ಬನ್ನಿ" ಅಂದರು. ಸೈಬರ್ ಅಕ್ಕ ಕಬ್ಬಿಣದ ಗೇಟಿನ ಸಂದಿಯಲ್ಲಿ ಕೈ ತೂರಿಸಿ, "ಸೋಮವಾರ ಬಂದ್ರೆ ಈ ಅಣ್ಣ ನಿಮ್ಮನೇಲೇ ಊಟಕ್ಕೆ ಕೂರ್ಬೇಕಾಗುತ್ತೆ ಸಾರ್, ಪರವಾಗಿಲ್ವಾ?" ಅಂದರು. ಒಳಗಿದ್ದ ಅಧಿಕಾರಿಯೊಬ್ಬರು ಆಕೆಯ ದನಿ ಗುರುತಿಸಿ ಎದ್ದು ಬಂದರು. ವಿಷಯ ಕೇಳಿದ ಮೇಲೆ ಅವರೇ ಎಲ್ಲಿಗೋ ಫೋನು ಮಾಡಿ ಕಾರ್ಡು ನಿಲ್ಲಿಸಿದರು. ಹತ್ತು ನಿಮಿಷದ ಕೆಲಸ. ಆ ಹತ್ತು ನಿಮಿಷ ನಾನು ಬೆಂಚಿನ ಮೇಲೆ ಕೂತು ನಮ್ಮ ಸೈಟು, ಎರಡು ಕೋಣೆ, ಅಮ್ಮನ ಮುಖ, ಎಲ್ಲವನ್ನೂ ಒಂದೊಂದಾಗಿ ಕಳೆದುಕೊಳ್ಳುತ್ತಾ ಇದ್ದೆ.

ಪಕ್ಕದಲ್ಲಿ ಕೂತ ಸೈಬರ್ ಅಕ್ಕ ತಮ್ಮ ಬೋರ್ಡಿನ ಕಥೆ ಹೇಳಿದ್ದು ಆಗಲೇ. ಎರಡು ವರ್ಷದ ಹಿಂದೆ, ಒತ್ತಿದ ಕೀಲಿಗಳನ್ನೆಲ್ಲ ಕದ್ದು ಬರೆದಿಟ್ಟುಕೊಳ್ಳುವ ಎಂಥದೋ ಪ್ರೋಗ್ರಾಮನ್ನು ಯಾರೋ ಆಕೆಯ ಒಂದು ಕಂಪ್ಯೂಟರಿಗೆ ಹಾಕಿ ಹೋಗಿದ್ದರಂತೆ. ಅದರಲ್ಲಿ ಕೂತು ಬ್ಯಾಂಕಿನ ಕೆಲಸ ಮಾಡಿದ ಒಬ್ಬ ನಿವೃತ್ತ ಮೇಷ್ಟ್ರ ಹಣ ಹೋಯಿತು. ಆಕೆಯ ತಪ್ಪು ಅಂತ ಯಾರೂ ಹೇಳಲಿಲ್ಲ, ಕೇಸೂ ಆಗಲಿಲ್ಲ. "ನನ್ನ ಅಂಗಡೀಲಿ ಹೋದದ್ದಲ್ವಾ" ಅಂತ ಆಕೆ ಎರಡು ಬಳೆ ಮಾರಿ ಮೇಷ್ಟ್ರಿಗೆ ಆದಷ್ಟು ಕೊಟ್ಟರು. ಆ ಅಧಿಕಾರಿಗೆ ಆಕೆಯ ಪರಿಚಯವಾದದ್ದೂ ಆಗಲೇ. "ಅದಕ್ಕೇ ಬೋರ್ಡ್ ಹಾಕಿದ್ದು. ನನ್ನ ಕಂಪ್ಯೂಟರ್‌ನ ನಾನೇ ನಂಬಲ್ಲ, ನಿಮ್ಗೆ ನಂಬಿ ಅಂತ ಹೆಂಗೆ ಹೇಳ್ಲಿ?" ಅಂದರು. ಆ ಬೋರ್ಡನ್ನು ಅಹಂಕಾರ ಅಂದುಕೊಂಡಿದ್ದವಳು ನಾನು. ಅಹಂಕಾರ ಯಾರದ್ದು ಅಂತ ಈಗ ಗೊತ್ತಾಯಿತು. ಆದರೂ ಅವತ್ತು ನನ್ನ ಬಾಯಿಂದ ಒಂದು ಒಳ್ಳೆಯ ಮಾತು ಹೊರಡಲಿಲ್ಲ. ಬೈಯಲು ಚುರುಕಾದ ನಾಲಿಗೆ ಕ್ಷಮೆ ಕೇಳಲು ಹೊರಟರೆ ಕಚ್ಚಿಕೊಳ್ಳುತ್ತದೆ, ನನ್ನದಂತೂ ಹಾಗೆಯೇ.

ಸೋಮವಾರ ರಜೆ ಹಾಕಿ ಎಫ್.ಡಿ. ಮಾಡಿಸಲು ಹೋದಾಗ ಆ ಅಧಿಕಾರಿ ನನ್ನನ್ನು ಒಬ್ಬಳನ್ನೇ ಕರೆದು ಹೇಳಿದರು: "ಶನಿವಾರ ಮಧ್ಯಾಹ್ನ, ನಾವು ನಿಲ್ಲಿಸಿದ ಮೇಲೆ, ಆ ಕಾರ್ಡ್ ಮೇಲೆ ಎರಡು ಸಲ ಹಣ ತೆಗೆಯೋ ಪ್ರಯತ್ನ ಆಗಿದೆಯಮ್ಮ. ಪುಣ್ಯ ಮಾಡಿದ್ರಿ." ಪುಣ್ಯ ಮಾಡಿದವರು ನಾವಲ್ಲ, ಶಟರ್ ಎಳೆದು ಓಡಿ ಬಂದವರು.

ಇದನ್ನು ಅಪ್ಪನಿಗೆ ಹೇಳಬಾರದು ಅಂತ ಅಮ್ಮ ಹಟ ಹಿಡಿದಳು. "ಜೀವ ಸವೆಸಿ ದುಡಿದಿದ್ದು, ಮಗಳ ಕೈಯಲ್ಲಿ ಹೋಗೋದ್ರಲ್ಲಿತ್ತು ಅಂತ ಗೊತ್ತಾದ್ರೆ ಊಟ ಬಿಡ್ತಾರೆ. ನಿನ್ನ ಬಯ್ಯಲ್ಲ, ತಮ್ಮನ್ನೇ ಬೈಕೊಳ್ತಾರೆ" ಅಂದಳು. ಸೈಬರ್ ಅಕ್ಕನಿಗೂ ಹಾಗೆಯೇ ಹೇಳಿಟ್ಟೆವು. ಹೇಳದೇ ಇರುವುದು ಕಷ್ಟವೇನೂ ಆಗಲಿಲ್ಲ. ಅಪ್ಪ ಎದುರಿಗೇ ಕೂತಿದ್ದಾಗಲೂ ನಾವು ದನಿ ತಗ್ಗಿಸಿ ಅದರ ಬಗ್ಗೆ ಮಾತಾಡಿಕೊಳ್ಳುತ್ತಿದ್ದೆವು. ಅವರು ಪೇಪರ್ ಓದುತ್ತಿರುತ್ತಿದ್ದರು.

ಪಿನ್ ಬದಲಾಯಿಸುವ ವಿಷಯ ಮಾತ್ರ ಹೇಳಲೇಬೇಕಿತ್ತು. ನೋಟ್‌ಬುಕ್ಕಿನಲ್ಲಿ ದೊಡ್ಡದಾಗಿ ಬರೆದು ತೋರಿಸಿದೆ: "ನಿಮ್ಮ ನಂಬರು ಎಲ್ಲರಿಗೂ ಗೊತ್ತು. ಬೇರೆ ಇಡಬೇಕು." ಅಪ್ಪ ಓದಿ ಕನ್ನಡಕ ತೆಗೆದರು. "ಎಲ್ಲರಿಗೂ ಗೊತ್ತಾಗಲಿ ಅಂತಲೇ ಅಲ್ವಾ ನಂಬರ್ ಕೊಟ್ಟಿದ್ದು? ಮೂವತ್ತು ವರ್ಷದಲ್ಲಿ ಅದು ಒಂದು ದಿನಾನೂ ನಂಗೆ ಕೈ ಕೊಟ್ಟಿಲ್ಲ" ಅಂದರು. ಮುಖ ಸಪ್ಪಗಾಯಿತು. ನಾನು ಎಷ್ಟು ಬರೆದರೂ ಒಪ್ಪಲಿಲ್ಲ. ಕೊನೆಗೆ ಸೈಬರ್ ಅಕ್ಕನೇ ಮನೆಗೆ ಬಂದು, ಅಪ್ಪನ ಎದುರಿಗೆ ಚಕ್ಕಳಮಕ್ಕಳ ಹಾಕಿ ಕೂತು, ಬೀದಿಗೆ ಕೇಳುವಂತೆ ಹೇಳಿದರು: "ಅಣ್ಣಾ, ಅದು ನಿಮ್ಮ ಹೆಸರು. ಯಾರು ಬೇಕಾದ್ರೂ ಕರೀಲಿ. ಪಿನ್ ಅನ್ನೋದು ಬೀರುವಿನ ಕೀ. ಕೀ ಮೇಲೆ ಯಾರಾದ್ರೂ ಹೆಸರು ಬರೆದು ಬೀದೀಲಿ ನೇತುಹಾಕ್ತಾರಾ?" ಅಪ್ಪ ಬಾಗಿಲಾಚೆ ನಿಂತಿದ್ದ ಸೈಕಲ್ಲಿನ ಕಡೆ ನೋಡಿ, "ನಂಬರ್ ಹಂಗೇ ಇರುತ್ತೆ ತಾನೇ, ಸೈಕಲ್ ಮೇಲೆ?" ಅಂತ ಕೇಳಿದರು. "ಇರ್ಲಿ ಅಣ್ಣಾ, ಬೇಕಾದ್ರೆ ಇನ್ನೊಂದು ಸಲ ಪೇಂಟ್ ಹೊಡೆಸಿ" ಅಂದರು ಆಕೆ.

ಹೊಸ ಕಾರ್ಡು ಬಂದ ದಿನ ಅಪ್ಪ ನನ್ನನ್ನು ಎ.ಟಿ.ಎಂ. ಕೋಣೆಯಿಂದ ಹೊರಗೆ ಕಳಿಸಿದರು. ಗಾಜಿನಲ್ಲಿ ನೋಡಿದೆ. ಒಂದು ಅಂಗೈಯನ್ನು ಗುಂಡಿಗಳ ಮೇಲೆ ಮರೆ ಹಿಡಿದು, ಬೆನ್ನು ಬಗ್ಗಿಸಿ, ಇನ್ನೊಂದು ಕೈಯಲ್ಲಿ ಒತ್ತುತ್ತಿದ್ದರು. ಬಹಳ ಹೊತ್ತಾಯಿತು. ಏನು ಇಟ್ಟರು ಅಂತ ನನಗೂ ಹೇಳಲಿಲ್ಲ.

ಕಿವಿಯ ಮಿಷನ್ನು ದುರ್ಗಿಗುಡಿಯಲ್ಲೇ ತೆಗೆದುಕೊಂಡೆವು. ಮೊದಲು ಡಾಕ್ಟರು ಪರೀಕ್ಷೆ ಮಾಡಬೇಕು, ಒಂದೊಂದು ಕಿವಿಗೆ ಒಂದೊಂದು ಅಳತೆ, ಸುಮ್ಮನೆ ಪೋಸ್ಟಿನಲ್ಲಿ ತರಿಸುವ ವಸ್ತುವೇ ಅಲ್ಲ ಅಂತ ಅಲ್ಲಿ ಹೋದ ಮೇಲೆ ತಿಳಿಯಿತು. ಬೆಲೆಯ ಅರ್ಧವನ್ನು ನನ್ನ ಸಂಬಳದಿಂದ ಕೊಟ್ಟೆ. ಹಾಕಿದ ಕೂಡಲೇ ಅಪ್ಪ ನೋಡಿದ್ದು ಮೇಲೆ ತಿರುಗುತ್ತಿದ್ದ ಫ್ಯಾನಿನ ಕಡೆ. "ಇದು ಇಷ್ಟು ಸದ್ದು ಮಾಡುತ್ತಾ?" ಅಂದರು, ಅಂದು ತಮ್ಮ ದನಿಗೆ ತಾವೇ ಬೆಚ್ಚಿ, ಬಾಯಿಗೆ ಕೈ ಅಡ್ಡ ಹಿಡಿದರು. ಮನೆಗೆ ಬರುವಷ್ಟರಲ್ಲಿ ಅವರ ಮಾತು ಅರ್ಧಕ್ಕೆ ಇಳಿದಿತ್ತು. ಅಮ್ಮನಿಗೆ ಮನೆ ಬಿಕೋ ಅನ್ನಿಸಿತಂತೆ.

ಆ ಮಿಷನ್ನಿನ ಪುಟ್ಟ ಬ್ಯಾಟರಿಗಳು ಆಗ ನಮ್ಮ ಕಡೆ ಬೇಕೆಂದಾಗ ಸಿಗುತ್ತಿರಲಿಲ್ಲ. ಇಂಟರ್‌ನೆಟ್ಟಿನಲ್ಲಿ ಮಾರುವವರಿದ್ದರು. ನನಗೆ ಮತ್ತೆ ಅದರ ಹತ್ತಿರ ಹೋಗಲು ಧೈರ್ಯವಿರಲಿಲ್ಲ. ಧೈರ್ಯ ತುಂಬಿದವರು ಸೈಬರ್ ಅಕ್ಕನೇ. "ಒಂದ್ಸಲ ಬಿದ್ರು ಅಂತ ಸೈಕಲ್ ಬಿಡ್ತಾರಾ?" ಅಂದರು. ಬೇರೆ ಒಂದು ಚಿಕ್ಕ ಖಾತೆ ತೆರೆದು ಬೇಕಾದಷ್ಟೇ ಹಣ ಅದರಲ್ಲಿಡು, ಮೇಲ್‌ನಲ್ಲಿ ಬಂದ ಕೊಂಡಿ ಒತ್ತಬೇಡ, ಅಂಗಡಿಯ ವಿಳಾಸ ನೀನೇ ಟೈಪ್ ಮಾಡು, ಇವತ್ತೇ ಕೊನೇ ದಿನ ಅಂತ ಅವಸರ ಮಾಡುವವರಿದ್ದರೆ ಎದ್ದು ಬಂದುಬಿಡು. ಇದನ್ನೆಲ್ಲ ಆಕೆ ಅಡುಗೆ ಹೇಳಿಕೊಡುವ ಹಾಗೆ, ಬೇರೆ ಕೆಲಸ ಮಾಡುತ್ತಲೇ ಹೇಳುತ್ತಿದ್ದರು. ಇಷ್ಟು ವರ್ಷದಲ್ಲಿ ನಾನು ಏನೇನೋ ಕೊಂಡಿದ್ದೇನೆ, ಒಂದು ರೂಪಾಯಿ ಕಳೆದುಕೊಂಡಿಲ್ಲ. ಹಣ ಕಟ್ಟುವ ಪುಟ ತೆರೆದಾಗಲೆಲ್ಲ ಆಕೆಯನ್ನು ನೆನೆಯುತ್ತೇನೆ.

ಮೊದಲ ಸಲದ ಬ್ಯಾಟರಿಯನ್ನು ಮನೆ ಬಾಗಿಲಲ್ಲೇ ದುಡ್ಡು ಕೊಡುವ ವಿ.ಪಿ.ಪಿ.ಯಲ್ಲಿ ಕಳಿಸುತ್ತೀರಾ ಅಂತ ಅಂಗಡಿಯವರನ್ನು ಮೇಲ್ ಮಾಡಿ ಕೇಳಲು, ನಾನೂ ಅಪ್ಪನೂ ಸೆಂಟರಿಗೆ ಹೋದೆವು. ಕಿವಿಗೆ ಮಿಷನ್ ಹಾಕಿದ ಮೇಲೆ ಅಪ್ಪ ಅಲ್ಲಿಗೆ ಬಂದದ್ದು ಅದೇ ಮೊದಲು. ಕಂಪ್ಯೂಟರುಗಳೆಲ್ಲ ತುಂಬಿದ್ದವು. ಸೈಬರ್ ಅಕ್ಕ ನಮ್ಮ ಕಡೆ ಬೆನ್ನು ಹಾಕಿ ಮೇಜು ಒರೆಸುತ್ತಿದ್ದರು. ತಿರುಗದೆ, ಒರೆಸುವುದನ್ನು ನಿಲ್ಲಿಸದೆ, ಮಾಮೂಲಿ ದನಿಗಿಂತ ಸ್ವಲ್ಪ ಕೆಳಗೇ ಕೇಳಿದರು.

"ಅಣ್ಣಾ, ಹೊಸ ಪಿನ್ ಏನಿಟ್ರಿ?"

ಅಪ್ಪ ಆಕೆಯ ಕಡೆ ನೋಡಿದರು, ಆಮೇಲೆ ಕೂತಿದ್ದವರ ಕಡೆ ಒಮ್ಮೆ ನೋಡಿದರು.

"ಹೇಳಲ್ಲಮ್ಮಾ" ಅಂದರು. ಎಷ್ಟು ಮೆಲ್ಲಗೆ ಅಂದರೆ, ಕೂತಿದ್ದವರಲ್ಲಿ ಒಬ್ಬರೂ ತಿರುಗಲಿಲ್ಲ.

ಸೈಬರ್ ಅಕ್ಕ ತಿರುಗಿದರು. ನಗುತ್ತಿದ್ದರು, ಕಣ್ಣು ತುಂಬಿತ್ತು. ನನಗೆ ತಡೆಯಲಾಗಲಿಲ್ಲ. ಅಷ್ಟು ದಿನ ಗಂಟಲಲ್ಲೇ ಉಳಿದಿದ್ದದ್ದೆಲ್ಲ ಒಟ್ಟಿಗೇ ಬಂತು. ಒರೆಸುವ ಬಟ್ಟೆ ಹಿಡಿದಿದ್ದ ಅವರ ಕೈಯನ್ನೇ ಹಿಡಿದುಕೊಂಡೆ. "ಅಕ್ಕಾ, ನಾನು ಅವತ್ತು ನಿಮ್ಗೆ ಏನೇನೋ ಅಂದೆ. ನೀವು ಪ್ಲಗ್ ಕೀಳದೇ ಇದ್ದಿದ್ರೆ ಅಪ್ಪನ ದುಡ್ಡೆಲ್ಲ..."

ಆಕೆ ಇನ್ನೊಂದು ಕೈಯಿಂದ ನನ್ನ ಬಾಯಿ ಮುಚ್ಚಿದರು.

"ಶ್, ಮೆಲ್ಲಗೆ ಕಣ್ಣೂ. ಅಣ್ಣಂಗೆ ಈಗ ಕೇಳ್ಸುತ್ತೆ."